ಮೊದಲ ದಿನ ನನಗೆ ಏನನ್ನೂ ಮಾರದ ಹಾವಿನಂಗಡಿ

ಆ ಅಂಗಡಿಗೆ ನಾನು ಮೊದಲ ಸಲ ಹೋಗಿದ್ದು 2023ರ ಮಾರ್ಚ್‌ನಲ್ಲಿ, ಒಂದು ಶನಿವಾರ. ಹಾವಿಗೆ ಒಂದು ತಿಂಗಳಿಗಾಗುವಷ್ಟು ಇಲಿ ತರೋಣ ಅಂತ ಹೋಗಿದ್ದೆ. ಕೌಂಟರ್‌ನಲ್ಲಿದ್ದವರು ಮೂರು ಪ್ರಶ್ನೆ ಕೇಳಿದರು. ಹಾವು ಎಷ್ಟು ಗ್ರಾಂ ಇದೆ? ಕೊನೆಯ ಸಲ ತಿಂದಿದ್ದು ಯಾವಾಗ? ತಿಂದದ್ದು ಹೊಟ್ಟೆಯಲ್ಲಿ ಉಳೀತಾ? ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರನೆಯದಕ್ಕೆ ಇತ್ತು: ಇಲ್ಲ, ಸೋಮವಾರ ತಿಂದದ್ದನ್ನು ಗುರುವಾರ ರಾತ್ರಿ ಕಕ್ಕಿಬಿಟ್ಟಿತು. ಅವರು ತೆರೆದಿದ್ದ ಫ್ರೀಜರ್ ಬಾಗಿಲು ಮುಚ್ಚಿದರು. "ಹಾಗಾದ್ರೆ ಇವತ್ತು ನಿಮಗೆ ಏನೂ ಬೇಡ. ಹತ್ತು ದಿನ ನೀರು ಬಿಟ್ಟು ಏನೂ ಇಡಬೇಡಿ. ಆಮೇಲೆ ಹಾವಿನ ತೂಕ ಬರೆದುಕೊಂಡು ಬನ್ನಿ" ಎಂದರು.

ಅವತ್ತು ಅವರಿಗೆ ನನ್ನಿಂದ ಒಂದು ಪೆನ್ನಿಯ ವ್ಯಾಪಾರವೂ ಆಗಲಿಲ್ಲ. ಅರ್ಧ ಗಂಟೆ ನಿಂತು ಮಾತಾಡಿ, ಬರಿಗೈಲಿ ಕಳಿಸಿದರು. ಎರಡೂವರೆ ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್ ಹತ್ತಿರ. ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ, ಒಬ್ಬರೇ ನಡೆಸುವ ಪುಟ್ಟ ಜಾಗ, ಅವರಿಗೆ ಅಷ್ಟು ಜನ ಬಂದು ನಿಂತರೆ ಕಷ್ಟ. ಆದರೆ ನೀವು ಎಲ್ಲೇ ಇರಿ, ಇಂಥ ಅಂಗಡಿ ಹೇಗಿರುತ್ತೆ ಅಂತ ಗೊತ್ತಾದರೆ ನಿಮ್ಮ ಊರಿನಲ್ಲಿ ಹುಡುಕಿಕೊಳ್ಳಬಹುದು. ಹಾವು ಸಾಕುವುದರಲ್ಲಿ ಜನ ಜಾಸ್ತಿ ತಪ್ಪು ಮಾಡುವುದು ಊಟದ ವಿಷಯದಲ್ಲೇ. ನಾವೂ ಮಾಡಿದೆವು. ಆ ತಪ್ಪಿನಿಂದ ನಮ್ಮ ಹಾವು ಸಾಯಬಹುದಿತ್ತು.

ನಮ್ಮ ಹಾವಿನ ಹೆಸರು ಜೋಳ. ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ಭಾಗದ ಹಾವು, ವಿಷ ಇಲ್ಲ, ನಮ್ಮ ಕೇರೆ ಹಾವಿಗೆ ದೂರದ ನೆಂಟ. ಹೊಟ್ಟೆಯ ಮೇಲಿನ ಕಪ್ಪು ಬಿಳುಪಿನ ಚೌಕಗಳು ಬಣ್ಣದ ಮುಸುಕಿನ ಜೋಳದ ಕಾಳಿನ ಹಾಗೆ ಕಾಣುತ್ತವೆ, ಮಗ ಅದನ್ನು ನೋಡಿಯೇ ಹೆಸರಿಟ್ಟ. 2022ರ ಅಕ್ಟೋಬರ್‌ನಲ್ಲಿ ಮನೆಗೆ ಬಂದಾಗ ಶೂ ಲೇಸಿನಷ್ಟು ಇತ್ತು. ಈ ಜಾತಿ ಮನೆಯಲ್ಲಿ 15ರಿಂದ 20 ವರ್ಷ ಬದುಕುತ್ತದೆ. ಮಗನಿಗೆ ಆಗ ಒಂಬತ್ತು ವರ್ಷ. ಅವನು ಕಾಲೇಜು ಮುಗಿಸಿದ ಮೇಲೂ ಇದು ಇರುತ್ತೆ ಅಂತ ಲೆಕ್ಕ ಹಾಕಿಯೇ ತಂದಿದ್ದೆವು.

ಮೊದಮೊದಲು ಊಟ ತರುತ್ತಿದ್ದುದು ಒಂದು ದೊಡ್ಡ ಪೆಟ್ ಶಾಪಿನಿಂದ. ಅಲ್ಲಿದ್ದ ಹುಡುಗ ಒಳ್ಳೆಯವನೇ, ನಗುನಗುತ್ತಾ ಮಾತಾಡುತ್ತಿದ್ದ, ಆದರೆ ಕೇಳಿದ್ದಕ್ಕೆಲ್ಲ "ತಿಂದರೆ ಕೊಡಿ" ಅನ್ನುತ್ತಿದ್ದ. ಜೋಳ ತಿನ್ನುತ್ತಲೇ ಇತ್ತು. ವಾರಕ್ಕೆ ಎರಡು ಸಲ ಕೊಟ್ಟೆವು, ಎರಡು ಸಲವೂ ತಿಂತು. ಗಾಜಿನ ಹತ್ತಿರ ಬಂದು ತಲೆ ಎತ್ತಿ ನೋಡಿದರೆ "ಅಮ್ಮಾ, ಹಸಿವಾಗಿದೆ ಅದಕ್ಕೆ" ಅಂತ ಮಗ ಓಡಿ ಬರುತ್ತಿದ್ದ. ಮಾರ್ಚ್‌ನಲ್ಲಿ ಆ ಹುಡುಗ ಒಂದು ದೊಡ್ಡ ಸೈಜಿನ ಪೊಟ್ಟಣ ಕೊಟ್ಟು ಇನ್ನು ಇದನ್ನು ಶುರು ಮಾಡಿ, ಬೇಗ ಬೆಳೆಯುತ್ತೆ ಎಂದ. ಶುರು ಮಾಡಿದೆವು. ಮೂರು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಮಗನ ಕೋಣೆಯಿಂದ ಬಂದ ವಾಸನೆ ನಾನು ಯಾವತ್ತೂ ಮರೆಯುವುದಿಲ್ಲ. ಅರ್ಧ ಕರಗಿದ ಇಲಿ ಒಂದು ಮೂಲೆಯಲ್ಲಿ, ಜೋಳ ಇನ್ನೊಂದು ಮೂಲೆಯಲ್ಲಿ ನೀರಿನ ಬಟ್ಟಲಿಗೆ ಒತ್ತಿಕೊಂಡು ಬಿದ್ದಿತ್ತು. ಮಗ ಅತ್ತುಬಿಟ್ಟ. ನನಗೂ ಕೈಕಾಲು ಆಡಲಿಲ್ಲ.

ಈಗ ಆ ಪುಟ್ಟ ಅಂಗಡಿಯವರು ಹೇಳಿಕೊಟ್ಟಿದ್ದು. ಹಾವು ಕೊಟ್ಟದ್ದನ್ನೆಲ್ಲ ತಿನ್ನುವುದು ಹಸಿವಿನಿಂದಲೇ ಅಂತ ಅಲ್ಲ. ಕಾಡಿನಲ್ಲಿ ಅದಕ್ಕೆ ಮುಂದಿನ ಊಟ ಯಾವಾಗ ಸಿಗುತ್ತೆ ಅಂತ ಗೊತ್ತಿರುವುದಿಲ್ಲ, ಸಿಕ್ಕಿದಾಗ ನುಂಗುವುದೇ ಅದರ ಸ್ವಭಾವ. ಗಾಜಿನ ಪೆಟ್ಟಿಗೆಯಲ್ಲಿ ಓಡಾಟವೂ ಕಡಿಮೆ, ಬೇಟೆ ಹುಡುಕುವ ಕೆಲಸವೂ ಇಲ್ಲ. ಹಾಗಾಗಿ ಎಷ್ಟು ಅನ್ನುವುದನ್ನು ನಾವೇ ನಿಶ್ಚಯ ಮಾಡಬೇಕು, ಹಾವು ಮಾಡುವುದಿಲ್ಲ. ನಾಯಿ, ಬೆಕ್ಕು, ನಮ್ಮ ಹಾಗೆ ಅದು ಮೈಯನ್ನು ಒಳಗಿನಿಂದ ಬೆಚ್ಚಗಿಟ್ಟುಕೊಳ್ಳುವ ಪ್ರಾಣಿಯೂ ಅಲ್ಲ. ನಾವು ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬಿಸಿ ಉಳಿಸಿಕೊಳ್ಳುವುದಕ್ಕೇ ಹೋಗುತ್ತದೆ. ಹಾವಿಗೆ ಆ ಖರ್ಚೇ ಇಲ್ಲ. ಒಂದು ಇಲಿ ಎರಡು ವಾರಕ್ಕೆ ಸಾಕಾಗುವುದು ಅದಕ್ಕೇ.

ಒಂದು ಊಟ ಅರಗಿಸುವುದು ಹಾವಿನ ಮೈಗೆ ಎಷ್ಟು ದೊಡ್ಡ ಕೆಲಸ ಅನ್ನುವುದನ್ನೂ ಅವರ ಬಾಯಲ್ಲೇ ಕೇಳಿದ್ದು. ಬರ್ಮೀಸ್ ಹೆಬ್ಬಾವಿನ ಮೇಲೆ ಮಾಡಿದ ಒಂದು ಅಧ್ಯಯನ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ದೊಡ್ಡ ಊಟ ನುಂಗಿದ ಎರಡೇ ದಿನದಲ್ಲಿ ಅದರ ಹೃದಯ ಶೇಕಡಾ 40ರಷ್ಟು ದೊಡ್ಡದಾಗಿದ್ದನ್ನು ಸಂಶೋಧಕರು ಕಂಡಿದ್ದರು. ಅರಗಿಸುವುದಕ್ಕಾಗಿಯೇ ಹೃದಯ ಬೆಳೆದು, ಕೆಲಸ ಮುಗಿದ ಮೇಲೆ ಮತ್ತೆ ಚಿಕ್ಕದಾಗುತ್ತದೆ! ಕಾರ್ನ್ ಸ್ನೇಕ್ ಅಷ್ಟು ದೊಡ್ಡ ಹಾವಲ್ಲ, ಆದರೂ ಇದನ್ನು ಕೇಳಿದ ಮೇಲೆ ವಾರಕ್ಕೆ ಎರಡೆರಡು ಸಲ ಕೊಟ್ಟು ನಾವು ಅದರ ಮೈಯಿಂದ ಎಷ್ಟು ದುಡಿಸಿದೆವಲ್ಲ ಅಂತ ಹೊಟ್ಟೆ ಕಿವುಚಿದ ಹಾಗಾಯಿತು.

ಹತ್ತು ದಿನ ಆದ ಮೇಲೆ ಜೋಳನನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆವು. ಒಂದು ಸಣ್ಣ ಡಬ್ಬಿ ಇಟ್ಟು ಸೊನ್ನೆ ಮಾಡಿಕೊಂಡು ಅದರೊಳಗೆ ಹಾವು. 38 ಗ್ರಾಂ. ಕಕ್ಕಿದ ಇಲಿ ಸುಮಾರು 12 ಗ್ರಾಂ ಇತ್ತು, ಅದೇ ಪೊಟ್ಟಣದ ಇನ್ನೊಂದನ್ನು ತೂಗಿ ನೋಡಿದೆ. ಅಂದರೆ ತನ್ನ ಮೈತೂಕದ ಮೂರನೇ ಒಂದು ಭಾಗ. ಐವತ್ತು ಕೆಜಿ ತೂಗುವ ಮನುಷ್ಯ ಒಂದೇ ಸಲಕ್ಕೆ ಹದಿನಾರು ಕೆಜಿ ತಿಂದ ಹಾಗೆ.

ಅವರು ಹೇಳಿದ ಅಳತೆ ಇದು. ಮರಿ ಹಾವಿಗೆ ಮೈತೂಕದ ಶೇಕಡಾ 10ರಿಂದ 15ರಷ್ಟು, ಬೆಳೆದ ಹಾವಿಗೆ ಶೇಕಡಾ 10 ಅಥವಾ ಅದಕ್ಕಿಂತ ಕಡಿಮೆ. ತಕ್ಕಡಿ ಇಲ್ಲದವರಿಗೆ ಕಣ್ಣಳತೆಯೂ ಇದೆ: ಇಲಿಯ ಸೊಂಟ ಹಾವಿನ ಮೈಯ ದಪ್ಪನೆಯ ಜಾಗದಷ್ಟೇ ಇರಬೇಕು, ಸ್ವಲ್ಪ ಹೆಚ್ಚಾದರೆ ಪರವಾಗಿಲ್ಲ, ಒಂದೂವರೆ ಪಟ್ಟು ಅನ್ನುವುದು ಕೊನೆಯ ಗೆರೆ. ನುಂಗಿದ ಮೇಲೆ ಮೈಯಲ್ಲಿ ಸಣ್ಣ ಉಬ್ಬು ಕಾಣಬೇಕು, ಒಂದೆರಡು ದಿನದಲ್ಲಿ ಅದು ಇಳಿಯಬೇಕು. ನಾನಂತೂ ತಕ್ಕಡಿಯನ್ನೇ ನಂಬುತ್ತೇನೆ. ಹತ್ತು ಪೌಂಡಿಗೆ ಸಿಗುವ ತಕ್ಕಡಿ ಸಾಕು. ಪಿಂಕಿ, ಫಝಿ, ಹಾಪರ್ ಅಂತ ಪೊಟ್ಟಣದ ಮೇಲೆ ಬರೆದಿರುತ್ತಾರಲ್ಲ, ಆ ಹೆಸರುಗಳನ್ನು ನಂಬಬೇಡಿ. ಪಿಂಕಿ ಅಂದರೆ ಆಗತಾನೆ ಹುಟ್ಟಿದ, ಕೂದಲಿಲ್ಲದ ಮರಿ, ಒಂದೆರಡು ಗ್ರಾಂ. ಫಝಿ ಅಂದರೆ ಸಣ್ಣ ರೋಮ ಬಂದದ್ದು. ಹಾಪರ್ ಅಂದರೆ ಕಣ್ಣು ಬಿಟ್ಟು ಕುಪ್ಪಳಿಸುವ ವಯಸ್ಸಿನದು. ಇಷ್ಟು ಸರಿ. ಆದರೆ ಒಬ್ಬರ ಅಂಗಡಿಯ ಫಝಿ ಇನ್ನೊಬ್ಬರ ಹಾಪರ್ ಆಗಿರುತ್ತದೆ. ಈ ಅಂಗಡಿಯಲ್ಲಿ ಪ್ರತಿ ಪೊಟ್ಟಣದ ಮೇಲೂ ಗ್ರಾಂ ಬರೆದಿರುತ್ತಾರೆ, 5ರಿಂದ 7, 8ರಿಂದ 12, ಹೀಗೆ. ಇದೊಂದಕ್ಕೇ ನಾನು ಐದು ನಕ್ಷತ್ರ ಕೊಡುತ್ತೇನೆ.

ಎಷ್ಟು ದಿನಕ್ಕೊಮ್ಮೆ ಅನ್ನುವುದು ವಯಸ್ಸಿನ ಮೇಲೆ ಹೋಗುತ್ತದೆ. ಆಗತಾನೆ ಮೊಟ್ಟೆಯಿಂದ ಬಂದ ಮರಿಗೆ ಐದರಿಂದ ಏಳು ದಿನಕ್ಕೊಂದು ಪಿಂಕಿ. ಮೊದಲ ವರ್ಷ ಪೂರ್ತಿ ಹೆಚ್ಚುಕಡಿಮೆ ವಾರಕ್ಕೊಂದು ಊಟ. ಆಮೇಲೆ ಹತ್ತು ದಿನಕ್ಕೊಂದು. ಬೆಳೆದ ಮೇಲೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಒಂದು ದೊಡ್ಡ ಇಲಿ. ಇದು ಕಾರ್ನ್ ಸ್ನೇಕ್ ಲೆಕ್ಕ. ಬಾಲ್ ಪೈಥಾನ್ ಅನ್ನುವ ಆಫ್ರಿಕಾದ ಸಣ್ಣ ಹೆಬ್ಬಾವು ಸಾಕುವವರು ಇದನ್ನೇ ಹಿಡಿಯಬೇಡಿ, ಅದು ಇನ್ನೂ ನಿಧಾನದ ಹಾವು, ಬೆಳೆದ ಮೇಲೆ ಎರಡು ಮೂರು ವಾರಕ್ಕೊಮ್ಮೆ ತಿಂದರೂ ಚೆನ್ನಾಗಿರುತ್ತದೆ, ಕೆಲವು ಸಲ ತಿಂಗಳುಗಟ್ಟಲೆ ಮುಟ್ಟುವುದೇ ಇಲ್ಲ.

ಜೋಳನಿಗೆ ಕಕ್ಕಿದ ಹಾವಿನ ಲೆಕ್ಕ ಬೇರೆ ಹಾಕಿಕೊಟ್ಟರು. ಹತ್ತು ದಿನ ಉಪವಾಸ ಆದ ಮೇಲೆ ಒಂದೇ ಒಂದು ಪಿಂಕಿ, 38 ಗ್ರಾಂ ಹಾವಿಗೆ ಅದು ಏನೂ ಅಲ್ಲ. ಅದು ಹೊಟ್ಟೆಯಲ್ಲಿ ನಿಂತರೆ ಮತ್ತೆ ಒಂದು ವಾರ ಬಿಟ್ಟು ಇನ್ನೊಂದು ಪಿಂಕಿ. ಹೀಗೆ ಮೂರು ಊಟ ನಿಂತ ಮೇಲೆ ಫಝಿಗೆ. ಕಕ್ಕುವಾಗ ಹೊಟ್ಟೆಯ ಆಮ್ಲವೂ ಹೊರಗೆ ಬಂದು ಗಂಟಲು ಸುಟ್ಟಿರುತ್ತದೆ, ಪಾಪ ಹಸಿದಿದೆ ಅಂತ ಮಾರನೇ ದಿನವೇ ಕೊಟ್ಟರೆ ಮತ್ತೆ ಕಕ್ಕುತ್ತದೆ, ಹಾಗೆ ಎರಡು ಮೂರು ಸಲ ಆದರೆ ಮರಿ ಉಳಿಯುವುದೇ ಕಷ್ಟ ಎಂದರು. ನನ್ನ ಮಗನಿಗೂ ಎದುರು ಕೂರಿಸಿಕೊಂಡು ಇದನ್ನೇ ಹೇಳಿದರು. "ನೀನು ಈಗ ಊಟ ಕೊಡದೇ ಇರೋದೇ ಅದಕ್ಕೆ ಔಷಧಿ" ಅಂತ. ಅವನು ಕ್ಯಾಲೆಂಡರ್‌ನಲ್ಲಿ ಹತ್ತು ದಿನಕ್ಕೂ ಗುರುತು ಹಾಕಿ ಕಾದ.

ಇನ್ನೊಂದು ಪ್ರಶ್ನೆ ಕೇಳಿದ್ದರು: ಬೆಚ್ಚಗಿನ ಕಡೆ ಎಷ್ಟು ಡಿಗ್ರಿ ಇದೆ? 30 ಅಂತ ಹೇಳಿದೆ. ಗೋಡೆಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ ಹಾಗೆ ತೋರಿಸುತ್ತಿತ್ತು. ಅವರು ತಮ್ಮದೊಂದು ಡಿಜಿಟಲ್ ಥರ್ಮಾಮೀಟರ್ ಕೊಟ್ಟು, ತಂತಿಯ ತುದಿಯನ್ನು ಹಾವು ಮಲಗುವ ನೆಲದ ಮೇಲೆ ಇಟ್ಟು ನೋಡಿ, ವಾಪಸ್ ತಂದುಕೊಡಿ ಎಂದರು. ನೋಡಿದರೆ 23! ಪೆಟ್ಟಿಗೆಗೆ ಬಿಸಿ ಕೊಡುವ ಹೀಟ್ ಮ್ಯಾಟ್‌ನ ಥರ್ಮೋಸ್ಟ್ಯಾಟ್, ಅಂದರೆ ಬಿಸಿಯನ್ನು ಹದದಲ್ಲಿಡುವ ಸಾಧನ, ಅದರ ಕಡ್ಡಿ ಜಾಗ ಬಿಟ್ಟು ಜಾರಿಹೋಗಿತ್ತು. ಹಾವಿಗೆ ಒಂದು ಕಡೆ 28ರಿಂದ 32 ಡಿಗ್ರಿ ಸಿಗಬೇಕು, ಇನ್ನೊಂದು ಕಡೆ ತಂಪಾಗಿರಬೇಕು. ಮೈ ಬೆಚ್ಚಗಾಗದಿದ್ದರೆ ಒಳಗಿರುವ ಇಲಿ ಅರಗುವ ಬದಲು ಕೊಳೆಯುತ್ತದೆ. ಊಟ ಜಾಸ್ತಿ ಆಗಿದ್ದು ಒಂದು, ಬಿಸಿ ಸಾಲದಿದ್ದುದು ಇನ್ನೊಂದು, ಎರಡೂ ಸೇರಿ ಆ ಗುರುವಾರ ರಾತ್ರಿ ಬಂತು. ಇಲಿಯ ಸೈಜನ್ನಷ್ಟೇ ಕೇಳಿ ಕಳಿಸಿದ್ದರೆ ನಮಗೆ ಅರ್ಧ ಕಾರಣ ಗೊತ್ತೇ ಆಗುತ್ತಿರಲಿಲ್ಲ.

ನಮ್ಮದು ಸಸ್ಯಾಹಾರಿ ಮನೆ, ಇದನ್ನೂ ಬರೆಯಲೇಬೇಕು. ಹಾವು ತರುವ ಮೊದಲು ನಾನೂ ನನ್ನ ಗಂಡನೂ ಬಹಳ ಮಾತಾಡಿಕೊಂಡಿದ್ದೆವು. ಹಾವಿಗೆ ಸೊಪ್ಪು, ಅನ್ನ, ಮೊಟ್ಟೆ ಬುರ್ಜಿ ಇದ್ಯಾವುದೂ ಆಗುವುದಿಲ್ಲ. ಇಡೀ ಪ್ರಾಣಿಯನ್ನೇ ನುಂಗಬೇಕು, ಮೂಳೆಯ ಕ್ಯಾಲ್ಸಿಯಂ, ಪಿತ್ತಜನಕಾಂಗದ ವಿಟಮಿನ್ ಎಲ್ಲ ಅದರಿಂದಲೇ. ಹಾಗಾಗಿ ಪುಡಿ, ಟಾನಿಕ್ ಏನೂ ಮೇಲೆ ಹಾಕುವುದು ಬೇಕಿಲ್ಲ. ಸಾಕಿದ ಮೇಲೆ ಅದರ ಊಟ ಅದಕ್ಕೆ ಸಿಗಬೇಕು, ಆಗಲ್ಲ ಅನ್ನುವವರು ಹಾವು ತರಬಾರದು. ತುರಿದ ಕಾಯಿಯ ಡಬ್ಬಿಯ ಪಕ್ಕ ಇಲಿ ಇಡಲು ಮಾತ್ರ ನನ್ನಿಂದ ಆಗಲಿಲ್ಲ. ಅಂಗಡಿಯವರು ಇದನ್ನು ಕೇಳಿ ಸ್ವಲ್ಪವೂ ನಗಲಿಲ್ಲ, ತುಂಬಾ ಜನ ಹೀಗೆ ಹೇಳುತ್ತಾರೆ ಎಂದು, ಹಳೆಯ ಪುಟ್ಟ ಫ್ರೀಜರ್ ಒಂದನ್ನು 30 ಪೌಂಡಿಗೆ ಕೊಡಿಸಿದರು. ಅದು ಗ್ಯಾರೇಜ್‌ನಲ್ಲಿದೆ.

ಇಲ್ಲಿ ಜೀವಂತ ಇಲಿ ಮಾರುವುದಿಲ್ಲ, ನನಗೆ ಅದೇ ಸಮಾಧಾನ. ಇಲಿಗೂ ಹಿಂಸೆ, ಹಾವಿಗೂ ಅಪಾಯ, ಇಲಿ ತಿರುಗಿಬಿದ್ದು ಕಚ್ಚಿದರೆ ಹಾವಿನ ಮೈ, ಕಣ್ಣು ಎಲ್ಲ ಗಾಯವಾಗುತ್ತದೆ. ಫ್ರೋಜನ್ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್‌ನಲ್ಲಿ ಇಟ್ಟು ಕರಗಿಸಬೇಕು, ನಾವು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೆಳಗಿನ ತಟ್ಟೆಯಲ್ಲಿ ಇಡುತ್ತೇವೆ. ಕೊಡುವ ಮೊದಲು ಜಿಪ್ ಕವರ್‌ನಲ್ಲಿ ಹಾಕಿ ಬಿಸಿನೀರಿನಲ್ಲಿ ಮುಳುಗಿಸಿ, ಮೈ ಉಗುರುಬೆಚ್ಚಗೆ ಆಗುವ ತನಕ. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜುಗಡ್ಡೆ ಉಳಿಯುತ್ತದೆ. ಉದ್ದನೆಯ ಚಿಮಟದಲ್ಲಿ ಹಿಡಿದು, ಸಂಜೆ ಹೊತ್ತು, ತಲೆ ಮುಂದೆ ಮಾಡಿ ಕೊಟ್ಟರೆ ಜೋಳ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ತಿನ್ನದಿದ್ದರೆ ರಾತ್ರಿ ಬಿಟ್ಟು ಬೆಳಿಗ್ಗೆ ಎಸೆಯುವುದು, ಮತ್ತೆ ಫ್ರೀಜರ್‌ಗೆ ಹಾಕಬಾರದು. ತಿಂದ ಮೇಲೆ 48 ಗಂಟೆ ಯಾರೂ ಮುಟ್ಟುವಂತಿಲ್ಲ. ಇಲಿಯಲ್ಲಿ, ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು, ಫ್ರೀಜರ್‌ನಲ್ಲಿ ಅದು ಸಾಯುವುದಿಲ್ಲ, ಹಾಗಾಗಿ ಸೋಪು ಹಚ್ಚಿ ಕೈ ತೊಳೆಯುವುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ತಿಪಟೂರಿನಲ್ಲಿರುವ ಅಮ್ಮ ನಾಗರ ಪಂಚಮಿ ದಿನ ವಿಡಿಯೋ ಕಾಲ್ ಮಾಡಿ, "ಏನೇ, ಅದಕ್ಕೆ ಒಂದು ಬಟ್ಟಲು ಹಾಲಾದ್ರೂ ಇಟ್ಯೇನೇ?" ಅಂತ ಕೇಳಿದರು. ನಾನೂ ಚಿಕ್ಕವಳಾಗಿದ್ದಾಗ ಅವರ ಜೊತೆ ಹುತ್ತಕ್ಕೆ ತನಿ ಎರೆದವಳೇ. ಆ ಭಕ್ತಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ, ಅದನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಹಾವಾಡಿಸುವವರು ದಿನಗಟ್ಟಲೆ ನೀರು ಕೊಡದೇ ಬಾಯಾರಿಸಿದಾಗ ಅದು ಏನು ಸಿಕ್ಕರೂ ಕುಡಿಯುತ್ತದೆ, ಅದನ್ನೇ ನಾವು ಹಾಲು ಕುಡಿಯಿತು ಅಂದುಕೊಳ್ಳುತ್ತೇವೆ, ಆಮೇಲೆ ಆ ಹಾವು ಕಾಯಿಲೆ ಬಿದ್ದು ಸಾಯುವುದೂ ಉಂಟು. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಳ್ಳೆ ನೀರಿಡು ಕಣೇ, ದಿನಾ ಬದಲಾಯಿಸು" ಎಂದರು. ಅಂಗಡಿಯವರು ಹೇಳಿದ್ದೂ ಅದನ್ನೇ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ನಮ್ಮಲ್ಲಿನ ಕೇರೆ, ನಾಗರ, ಹೆಬ್ಬಾವು ಇವನ್ನು ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದು ಅಪರಾಧ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಾನು ಬರೆದ ಊಟದ ಲೆಕ್ಕ ಹಿಡಿದುಕೊಂಡು ತೋಟದಲ್ಲಿ ಸಿಕ್ಕ ಹಾವನ್ನು ದಯವಿಟ್ಟು ಡಬ್ಬಿಗೆ ಹಾಕಬೇಡಿ.

ಅಂಗಡಿಯ ಕೊರತೆಗಳೂ ಇವೆ. ಭಾನುವಾರ, ಸೋಮವಾರ ಎರಡು ದಿನವೂ ಮುಚ್ಚಿರುತ್ತೆ. ಒಬ್ಬರೇ ಇರುವುದರಿಂದ ಮುಂದೆ ಯಾರಾದರೂ ಇದ್ದರೆ ಮುಕ್ಕಾಲು ಗಂಟೆ ಕಾಯಬೇಕು, ಎಲ್ಲರಿಗೂ ಅದೇ ತಾಳ್ಮೆಯಲ್ಲಿ ಹೇಳುತ್ತಾರೆ. ಕಾರು ನಿಲ್ಲಿಸಲು ಜಾಗ ಇಲ್ಲ. ದೊಡ್ಡ ಇಲಿ ಒಂದಕ್ಕೆ 1.80 ಪೌಂಡ್, ಆನ್‌ಲೈನ್‌ನಲ್ಲಿ ಐವತ್ತರ ಪೆಟ್ಟಿಗೆ ತರಿಸಿದರೆ ಇದಕ್ಕಿಂತ ಬಹಳ ಅಗ್ಗ. ಒಮ್ಮೆ ನಾನೂ ಹಾಗೆ ತರಿಸಿದೆ. ಶುಕ್ರವಾರ ಬರಬೇಕಾದದ್ದು ಶನಿವಾರ ಮಧ್ಯಾಹ್ನ ಬಂತು, ಮೇಲಿನ ಪದರ ಮೆತ್ತಗಾಗಿತ್ತು, ಅಷ್ಟನ್ನೂ ಎಸೆಯಬೇಕಾಯಿತು. ಜೋಳ ವರ್ಷಕ್ಕೆ ತಿನ್ನುವುದೇ ಮೂವತ್ತು ಇಲಿಯ ಒಳಗೆ, ಅಂದರೆ ಐವತ್ತೈದು ಪೌಂಡೂ ಆಗುವುದಿಲ್ಲ. ಅದರಲ್ಲಿ ಉಳಿಸಲು ಹೋಗುವುದು ನನಗೆ ಬೇಕಾಗಿಲ್ಲ.

ಕಳೆದ ಚಳಿಗಾಲದಲ್ಲಿ ಜೋಳ ಐದು ವಾರ ಏನೂ ತಿನ್ನಲಿಲ್ಲ. ಮೊದಲು ಪೊರೆ ಬಿಡುವ ಕಾಲ, ಕಣ್ಣು ಮಂಜುಮಂಜಾಗಿ ನೀಲಿಯಾಗಿತ್ತು, ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಊಟ ಬೇಡ ಅನ್ನುವುದು ಸಹಜ. ಪೊರೆ ಬಿಟ್ಟ ಮೇಲೂ ತಿನ್ನಲಿಲ್ಲ. ನಾನು ಗಾಬರಿಯಾಗಿ ಓಡಿದೆ. ಅವರು ನನ್ನ ಪುಸ್ತಕ ನೋಡಿದರು. ಹೌದು, ಈಗ ಪ್ರತಿ ಊಟಕ್ಕೂ ತಾರೀಖು, ಇಲಿಯ ತೂಕ, ತಿಂಗಳಿಗೊಮ್ಮೆ ಹಾವಿನ ತೂಕ ಬರೆಯುವ ಒಂದು ನೋಟ್‌ಬುಕ್ ಇದೆ, ಮಗನ ಅಕ್ಷರದಲ್ಲಿ. ಐದು ವಾರದಲ್ಲಿ ಇಳಿದಿದ್ದು ಬರೀ ಆರು ಗ್ರಾಂ. ಗಂಡು ಹಾವುಗಳು ಚಳಿಗಾಲ, ವಸಂತದಲ್ಲಿ ಹೀಗೆ ಮಾಡುತ್ತವೆ, ತೂಕ ಶೇಕಡಾ 10ರಷ್ಟು ಇಳಿದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಮಾತ್ರ ಡಾಕ್ಟರ್ ಹತ್ತಿರ ಹೋಗಿ ಎಂದು, ಸರೀಸೃಪ ನೋಡುವ ವೆಟ್ ಒಬ್ಬರ ನಂಬರ್ ಕೊಟ್ಟರು. ಆರನೇ ವಾರ ಜೋಳ ತಾನಾಗಿಯೇ ತಿಂತು. ಆ ರಾತ್ರಿ ನಾನು ನಿಶ್ಚಿಂತೆಯಿಂದ ಮಲಗಿದೆ.

ಕಳೆದ ಶನಿವಾರ ಜೋಳನನ್ನೇ ಬಟ್ಟೆಚೀಲದಲ್ಲಿ ಕರೆದುಕೊಂಡು ಹೋಗಿದ್ದೆವು. 420 ಗ್ರಾಂ. ಅವರು ಬೆರಳಲ್ಲಿ ಬೆನ್ನು ಸವರಿ ನೋಡಿದರು, ಮೈ ಬ್ರೆಡ್ಡಿನ ತುಂಡಿನ ಹಾಗೆ ಮೇಲೆ ಸ್ವಲ್ಪ ದುಂಡಗೆ ಇರಬೇಕಂತೆ, ಬೆನ್ನುಮೂಳೆ ಎದ್ದು ಕಂಡರೆ ಸಣ್ಣಗಾಗಿದೆ ಅಂತ, ಹುರುಪೆಗಳ ನಡುವೆ ಚರ್ಮ ಬಿರಿದು ಕಂಡರೆ, ಬಾಲದ ಬುಡದಲ್ಲಿ ಉಬ್ಬಿದ್ದರೆ ಕೊಬ್ಬು ಜಾಸ್ತಿ ಆಗಿದೆ ಅಂತ. ಸಾಕಿದ ಹಾವುಗಳಲ್ಲಿ ಈ ಕೊಬ್ಬೇ ಪಿತ್ತಜನಕಾಂಗಕ್ಕೆ ಸೇರಿ ಆಯಸ್ಸು ಕಡಿಮೆ ಮಾಡುತ್ತದೆ. ಬಾಲದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿದರು. "ಚೆನ್ನಾಗಿದೆ. ಆದ್ರೆ ಇನ್ನು ಮೇಲೆ ಹನ್ನೆರಡು ದಿನಕ್ಕೆ ಬೇಡ, ಹದಿನೈದು ಮಾಡಿ" ಎಂದರು ಮಗನಿಗೆ. ಅವನು ನೋಟ್‌ಬುಕ್‌ನಲ್ಲಿ ಬರೆದುಕೊಂಡ. ನಾನು ಆರು ಇಲಿ ಕೇಳಿದ್ದೆ. ಎರಡು ತಿಂಗಳಿಗೆ ನಾಲ್ಕು ಸಾಕು ಎಂದು ಎರಡನ್ನು ವಾಪಸ್ ಫ್ರೀಜರ್‌ಗೆ ಹಾಕಿದರು.